ಹಸಿರು ಕೋಟು

ನಿಜಾಮನ ಆಳ್ವಿಕೆ ಮುಗಿದಿತ್ತು. ನಮ್ಮ ಸೀಮೆ ಇನ್ನೂ ಕನ್ನಡ ನಾಡಿಗೆ ಕೂಡಿರಲಿಲ್ಲ. ಆ ನಡುವಿನ ಒಂದು ಮಳೆಗಾಲದಲ್ಲಿ ಕೃಷ್ಣೆ ನಮ್ಮೂರಿಗೆ ನುಗ್ಗಿದಳು. ಸುರಪುರದ ದಾರಿಯ ದಿಬ್ಬದ ಮೇಲೆ ಗೋಣಿತಟ್ಟಿನ ಡೇರೆಗಳೆದ್ದವು. ನಮ್ಮ ಡೇರೆಯಲ್ಲಿ ಅಪ್ಪ, ಅವ್ವ, ನಾನು, ಅಪ್ಪನ ತಂಗಿ, ಜೊತೆಗೊಂದು ಎಮ್ಮೆಯ ಕರು. ಅತ್ತೆ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆ ಸೇರಿದವಳು. ಎದೆಮಟ್ಟದ ನೀರಿನಲ್ಲಿ ಕರುವನ್ನು ಹೆಗಲ ಮೇಲೆ ಹೊತ್ತು ತಂದವಳೂ ಅವಳೇ. ಅವತ್ತಿನಿಂದಲೇ ಅವಳಿಗೆ ಥಂಡಿಜ್ವರ.

ನೆರೆ ಸಂತ್ರಸ್ತರಿಗೆಂದು ವಿಲಾಯಿತಿಯಿಂದ ಬಂದ ಹಳೆ ಬಟ್ಟೆಯ ಗಂಟುಗಳನ್ನು ಲಾರಿಯಿಂದ ಇಳಿಸಿ ಬಿಚ್ಚಿದಾಗ ಡಾಂಬರು ಗುಳಿಗೆಯ ವಾಸನೆ ದಿಬ್ಬದ ತುಂಬ ಹರಡಿತು. ಕೈಗೆ ಬಂದದ್ದನ್ನು ಎತ್ತಿ ಕೊಡುತ್ತಿದ್ದರು, ಬದಲಿ ಕೇಳುವಂತಿರಲಿಲ್ಲ. ಅತ್ತೆಯ ಪಾಲಿಗೆ ಬಂದದ್ದು ದಪ್ಪ ಉಣ್ಣೆಯ ಕೋಟು. ಗಿಳಿಹಸಿರು.

ನಮ್ಮಲ್ಲಿ ಹಸಿರು ಮುತ್ತೈದೆಯರ ಬಣ್ಣ. ಗಂಡ ಸತ್ತವಳು ಹಸಿರು ಬಳೆಯನ್ನೂ ಮುಟ್ಟುವುದಿಲ್ಲ. ನಡುಗುತ್ತಿದ್ದ ಅತ್ತೆ ಕೋಟನ್ನು ಹೆಗಲಿಗೆ ಹಾಕಿಕೊಂಡಳೋ ಇಲ್ಲವೋ, ಪಕ್ಕದ ಡೇರೆಯ ಮುದುಕಿ ಕೂಗಿದಳು:

"ಬರ್ರೆವ್ವಾ ಎಲ್ಲಾರೂ! ಮದಲಗಿತ್ತಿ ಬಂದಾಳ ನೋಡ್ರಿ. ಬಸರಿ ಕುಬಸ ಯಾವಾಗ ಮಾಡೂಣು?"

"ವಿಲಾಯತಿ ಗಂಡ ಸಿಕ್ಕಿರಬೇಕು, ಅದಕ್ಕ ಕೋಟ ಕಳಸ್ಯಾನ," ಎಂದಳು ಇನ್ನೊಬ್ಬಳು.

ಅವ್ವನೂ ಸೆರಗು ಬಾಯಿಗಿಟ್ಟು ನಕ್ಕಳು.

ಅತ್ತೆ ಕೋಟು ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಳು. ಆಮೇಲೆ ಅದನ್ನು ಒಳಹೊರಗು ಮಾಡಿ, ಬೂದು ಅಸ್ತರ ಹೊರಗೆ ಬರುವಂತೆ ತೊಟ್ಟಳು. ಬೂದು ಬಣ್ಣಕ್ಕೆ ಯಾರ ತಕರಾರೂ ಇರಲಿಲ್ಲ. ಮೈ ಬೆವರಿ ಜ್ವರ ಇಳಿಯಿತು. ಜೋಳದ ಗಂಜಿ ಕೇಳಿ ಕುಡಿದಳು.

ಅಷ್ಟರಲ್ಲಿ ಬಟ್ಟೆ ಕೊಟ್ಟವರ ಕಡೆಯ ಬಿಳಿ ದೊರೆ ಫೋಟೋಕ್ಕೆಂದು ಬಂದ. ಜೊತೆಗಿದ್ದ ಅಧಿಕಾರಿ ಅತ್ತೆಯ ಮುಂದೆ ನಿಂತ.

"ಏ ಬಾಯಿ, ಕೋಟ ಉಲ್ಟಾ ಹಾಕ್ಕೊಂಡೀಯಲ್ಲ! ಸೀದಾ ಮಾಡು. ಸಾಹೇಬ್ರ ದೇಶದಾಗ ನಿನ್ನ ಫೋಟೋ ನೋಡ್ತಾರ."

"ಬ್ಯಾಡ್ರಿ ಯಪ್ಪಾ, ಹೀಂಗ ಬೆಚ್ಚಗದರಿ."

"ಸೀದಾ ಹಾಕ್ಕೋ, ಇಲ್ಲಾ ವಾಪಸ್ ಕೊಡು."

ಅತ್ತೆ ಅಪ್ಪನ ಮುಖ ನೋಡಿದಳು.

"ಹಾಕ್ಕೋ, ಒಂದ್ ಗಳಿಗಿ," ಎಂದ ಅಪ್ಪ.

ಹಾಕಿಕೊಂಡಳು. ದೊರೆ ನಗುತ್ತ ತಾನೇ ಬಂದು, ಕೊರಳತನಕ ಒಂದೊಂದೇ ಗುಂಡಿ ಹಾಕಿದ. ಈ ಸಲ ಯಾರೂ ನಗಲಿಲ್ಲ.

ದೊರೆ ಲಾರಿ ಹತ್ತಿ ಹೋದ ಮೇಲೆ ಮುದುಕಿ ದಿಬ್ಬದವರೆಲ್ಲ ಸೇರಿ ಹಚ್ಚುತ್ತಿದ್ದ ಒಲೆಗೆ ಅಡ್ಡ ಕೂತಳು. "ಪರಗಂಡಸಿನ ಕೈಲೆ ಹಸರ ತೊಟ್ಟಾಕಿ. ಇನ್ನ ನಮ್ಮ ಒಲಿ ಹಂತ್ಯಾಕ ಬರಬ್ಯಾಡವಾ."

ಅಪ್ಪ ಕೋಟನ್ನು ಅತ್ತೆಯ ಮೈಮೇಲಿಂದ ಕಿತ್ತು, ಕರುವಿನ ಬೆನ್ನಿಗೆ ಹೊದಿಸಿ ಹಗ್ಗ ಬಿಗಿದ. "ಕರಾ ಆದ್ರೂ ಬದಕಲಿ."

"ಕರಕ್ಕ ಚಂದ ಒಪ್ಪೇದ ಬಿಡು," ಎಂದರು ಹೆಂಗಸರು. ನಿಜವಾಗಿ ಮೆಚ್ಚಿಯೇ ಅಂದರು.

ಅತ್ತೆ ಕರುವಿನ ಮಗ್ಗುಲಿಗೆ ಸರಿದು ಆ ಕೋಟಿಗೆ ಬೆನ್ನು ಹಚ್ಚಿ ಕೂತಳು. ಹಾಗೆ ಕೂತದ್ದಕ್ಕೆ ಯಾರ ಆಕ್ಷೇಪಣೆಯೂ ಇರಲಿಲ್ಲ. ಆದರೆ ಕರು ಒಂದು ಕಡೆ ನಿಲ್ಲಬೇಕಲ್ಲ. ಅದು ಎದ್ದು ಹೋದಾಗಲೆಲ್ಲ ಅವಳು ಗಾಳಿಗೆ ಬೀಳುತ್ತಿದ್ದಳು. ಜ್ವರ ಮತ್ತೆ ಏರಿತು.

ನೀರು ಇಳಿದು ನಾವು ಊರಿಗೆ ಹೊರಟಾಗ ಕರು ಕೋಟು ತೊಟ್ಟೇ ಬಂಡಿಯ ಹಿಂದೆ ನಡೆಯಿತು. ಅತ್ತೆಯನ್ನು ದಿಬ್ಬದ ಬುಡದಲ್ಲಿ ಮಣ್ಣು ಮಾಡಿದ್ದೆವು.