ಅರವಟ್ಟಿಗೆಯ ಹರವಿಯಲ್ಲಿ ನಕ್ಕದ್ದು

ನಾನು ನಿಂತಿದ್ದದ್ದು ರಾಯಚೂರಿನ ನಮ್ಮ ಮನೆಯ ಗೇಟಿನ ಹೊರಗೆ, ರಸ್ತೆಯ ಅಂಚಿನಲ್ಲಿ, ಸ್ಕೂಟರಿನ ಎರಡೂ ಬದಿಗೆ ಕಾಲೂರಿಕೊಂಡು. ಮೇ ತಿಂಗಳ ಒಂದು ಸೋಮವಾರ, ಮಧ್ಯಾಹ್ನ ಹನ್ನೆರಡೂವರೆ. ನನ್ನ ಕಾಲುಗಳ ನಡುವೆ ಗೋಣಿಯಲ್ಲಿ ಸುತ್ತಿದ ಮಂಜುಗಡ್ಡೆ ಇತ್ತು, ಹಿಂದೆ ನನ್ನ ಹೆಂಡತಿ ಕೂತಿದ್ದಳು. ಎದುರಿಗೆ ಬೇವಿನ ಮರ, ಮರದ ಕೆಳಗೆ ಕುಡಿಯುವ ನೀರಿನ ಮಣ್ಣಿನ ಹರವಿ. ನನಗೂ ಹರವಿಗೂ ನಡುವೆ ಅಡ್ಡ ಏನೂ ಇರಲಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ಅಂದು ನಡೆದದ್ದನ್ನು ದೇವದುರ್ಗದ ತುಂಬ ಬೇರೆ ತರಹ ಹೇಳಿಕೊಂಡು ತಿರುಗುತ್ತಿದ್ದಾರೆ. ಅವರ ಪ್ರಕಾರ ಅವರು ಆ ಹರವಿಯ ನೀರಿನಿಂದ ಕೈ ತೊಳೆದುಕೊಂಡರು, ಅಷ್ಟೆ. ಅವರು ಹಿರಿಯರು, ಗೌರವಸ್ಥರು. ಆದರೆ ಅವರ ಗಂಟಲು ಮೇಲೆ ಕೆಳಗೆ ಆಡಿದ್ದನ್ನು ನಾನು ನೋಡಿದ್ದೇನೆ. ಕೈ ತೊಳೆಯುವಾಗ ಯಾರ ಗಂಟಲೂ ಹಾಗೆ ಆಡುವುದಿಲ್ಲ.

ಹರವಿಯಲ್ಲಿ ಏನಿತ್ತು ಎಂಬುದನ್ನು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ಕಡಿದು ಹೋದ ಕಾಲನ್ನು ಮತ್ತೆ ಬೆಳೆಸಿಕೊಳ್ಳುವ ಪ್ರಾಣಿಯೊಂದರ ಚಿತ್ರವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದಳು. ನಿವೃತ್ತಳಾದ ಮೇಲೆ ಒಂದು ದಿನ, ಕಣ್ಣಾರೆ ಕಾಣದ್ದನ್ನು ಜೀವಮಾನವಿಡೀ ನಂಬಿಸಿಬಿಟ್ಟೆನಲ್ಲ ಎಂದು ಕೊರಗಿದಳು. ಹೈದರಾಬಾದಿನಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿರುವ ಅವಳ ಹಳೆಯ ವಿದ್ಯಾರ್ಥಿಯೊಬ್ಬನ ಕಿವಿಗೆ ಅದು ಬಿತ್ತು. ಅವನ ಅಂಗಡಿಯಲ್ಲಿ ಒಂದು ಆಕ್ಸೊಲಾಟಲ್ ಇತ್ತು. ಜೊತೆಯಲ್ಲಿದ್ದ ಇನ್ನೊಂದು ಅದರ ಮುಂಗಾಲನ್ನು ಮೊಣಕೈಯವರೆಗೆ ಕಚ್ಚಿ ತಿಂದಿತ್ತು. ಅಂಗಹೀನವೆಂದು ಯಾರೂ ಕೊಳ್ಳದ ಅದನ್ನು ಅವನು ಗುರುಗಳಿಗೆ ಕಾಣಿಕೆ ಮಾಡಿದ.

ಅದು ಕಪ್ಪೆಯ ದೂರದ ನೆಂಟ, ಆದರೆ ನೀರು ಬಿಟ್ಟು ಹೊರಗೆ ಬರುವುದಿಲ್ಲ. ಗೇಣುದ್ದ, ಬಿಳಿಗೆಂಪು ಮೈ. ತಲೆಯ ಆಚೆ ಈಚೆ ಕುಚ್ಚಿನಂಥ ಕೆಂಪು ಕಿವಿರುಗಳು. ಕಣ್ಣಿಗೆ ರೆಪ್ಪೆ ಇಲ್ಲ. ಬಾಯಿಯ ಅಂಚು ಮೇಲಕ್ಕೆ ತಿರುಗಿರುವುದರಿಂದ ಹಸಿದರೂ ನಗುತ್ತದೆ, ಕಾಯಿಲೆಯಾದರೂ ನಗುತ್ತದೆ. ಅದರ ಪೂರ್ವಿಕರು ಮೆಕ್ಸಿಕೋದ ಎತ್ತರದ ಊರಿನ ತಣ್ಣನೆಯ ಕೆರೆಗಳವರು. ಅದಕ್ಕೆ ತಣ್ಣೀರೇ ಬೇಕು. ಅದನ್ನು ನನ್ನ ಹೆಂಡತಿ ರಾಯಚೂರಿಗೆ ತಂದಳು.

ಬಂಧುಗಳೆಲ್ಲ ಬಂದು ನೋಡಿ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಭಾವ.

“ತಂಗೆವ್ವಾ, ಇಲ್ಲಿ ಬ್ಯಾಸಗ್ಯಾಗ ನಾವ ಬೇಯಾಕತ್ತೀವಿ. ಇದನ್ನ ಕುದಿಸಾಕ ಹೈದರಾಬಾದಿನಿಂದ ತಂದಿ ಏನು?” ಎಂದರು. ಆಮೇಲೆ ಗಾಜಿಗೆ ಮೂಗು ಹಚ್ಚಿ ಬಹಳ ಹೊತ್ತು ನೋಡಿ, “ಕೆಲಸಿಲ್ಲ ಬೊಗಸಿಲ್ಲ. ಫ್ಯಾನಿನ ಗಾಳ್ಯಾಗ ಬಿದ್ಕೊಂಡು ಹೊತ್ತಿಗೆ ಸರಿಯಾಗಿ ಉಣ್ಣೋದು, ಮ್ಯಾಲ ನಗೋದು ಬ್ಯಾರೆ. ಇದು ಮನಿಅಳಿಯಾನ ಬಿಡು,” ಎಂದರು. ಅಂದಿನಿಂದ ದೇವದುರ್ಗದವರ ಬಾಯಲ್ಲಿ ಅದರ ಹೆಸರು ಮನೆಅಳಿಯ.

“ಕಾಲು ಬರೋತನಕ ಉಳಿದ್ರ ಸಾಕು ಅಣ್ಣಾ,” ಎಂದಳು ನನ್ನ ಹೆಂಡತಿ. “ಅಲ್ಲೀತನಕ ನೀ ಏನರ ಅನ್ನು.”

ಅಷ್ಟು ಹೊತ್ತಿಗೆ ತುಂಡಾದ ಕಾಲಿನ ತುದಿಯಲ್ಲಿ ಎಳ್ಳುಕಾಳಿನಷ್ಟು ಒಂದು ಮೊಳಕೆ ಕಾಣಿಸಿಕೊಂಡಿತ್ತು. ಅವಳು ದಿನವೂ ಭೂತಗನ್ನಡಿ ಹಿಡಿದು ಅದನ್ನು ನೋಡುತ್ತಿದ್ದಳು. ನಾನು ಜ್ವರ ಬಂದು ಮಲಗಿದಾಗ ಹಣೆಗೆ ಕೈ ಇಟ್ಟು ನೋಡಿದ್ದೂ ಆ ಭೂತಗನ್ನಡಿ ಕೈಯಲ್ಲಿದ್ದಾಗಲೇ.

ಅದರ ಬಿಡಾರ ಬಿಸಿಲು ಬೀಳದ ನಡುಮನೆಯಲ್ಲಿ. ಗಾಜಿನ ತೊಟ್ಟಿಯ ತಳಕ್ಕೆ ನುಣ್ಣನೆಯ ಮರಳು. ಹರಳು ಹಾಕುವಂತಿಲ್ಲ, ಊಟದ ಜೊತೆ ಅದನ್ನೂ ನುಂಗಿಬಿಡುತ್ತದೆ. ಅವಿತುಕೊಳ್ಳಲು ಒಡೆದ ಗಡಿಗೆಯ ಅರ್ಧ ಭಾಗ. ನಲ್ಲಿಯ ನೀರನ್ನು ಹಾಗೇ ಹಾಕುವಂತಿಲ್ಲ. ಅದರ ಕ್ಲೋರಿನ್ ವಾಸನೆ ಹೋಗುವವರೆಗೆ ಬಕೆಟುಗಳಲ್ಲಿ ತೆರೆದಿಡಬೇಕು. ನಮ್ಮ ಮನೆಯಲ್ಲಿ ಆಗ ಬಕೆಟು ಎಡವದೆ ಯಾವ ಕೋಣೆಗೂ ಹೋಗಲು ಬರುತ್ತಿರಲಿಲ್ಲ. ನೀರಿನ ಮೇಲೆ ಸದಾ ಒಂದು ಟೇಬಲ್ ಫ್ಯಾನು. ಬೇಸಿಗೆ ಏರಿದಂತೆ ಫ್ರೀಜರಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಗಳು ಸರದಿಯ ಮೇಲೆ ತೊಟ್ಟಿಗಿಳಿದು ತೇಲುತ್ತಿದ್ದವು. ಹೊರಗಿನಿಂದ ಸುಟ್ಟುಕೊಂಡು ಬಂದ ನಾನು ಫ್ರಿಜ್ಜಿನ ಬಾಗಿಲು ತೆಗೆದರೆ ಅಡುಗೆಮನೆಯಿಂದ ದನಿ ಬರುತ್ತಿತ್ತು: “ಆ ಬಾಟ್ಲಿ ಮುಟ್ಟಬ್ಯಾಡ್ರಿ, ಅದು ಅದರದು.”

ಊಟದ್ದು ಇನ್ನೊಂದು ಪೇಚು. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ, ಮೊಟ್ಟೆ ಕೂಡ ಹೊಸ್ತಿಲು ದಾಟಿದ್ದಿಲ್ಲ. ಅದಕ್ಕೋ ಎರೆಹುಳುವೇ ಆಗಬೇಕು. ನನ್ನ ಅವ್ವ ಮೊದಲು ರಾಜಿಗೆ ನೋಡಿದಳು. ಯಾರೂ ಇಲ್ಲದ ಹೊತ್ತಿನಲ್ಲಿ ಜೋಳದ ರೊಟ್ಟಿಯನ್ನು ಸಣ್ಣಗೆ ಮುರಿದು ತೊಟ್ಟಿಗೆ ಹಾಕಿದಳು. ರೊಟ್ಟಿ ಉಬ್ಬಿ ನೀರೆಲ್ಲ ಅಂಬಲಿಯಾಯಿತು. ಪ್ರಾಣಿ ಅದರ ನಡುವೆ ಕೂತು ನಗುತ್ತಿತ್ತು.

“ರೊಟ್ಟಿ ಒಲ್ಲದ್ದು ರಾಯಚೂರಾಗ ಹ್ಯಾಂಗ ಬಾಳ್ವಿ ಮಾಡ್ತದ?” ಎಂದು ಅವ್ವ ನಿಜವಾಗಿ ಚಿಂತೆಯಿಂದಲೇ ಕೇಳಿದಳು. ಕೊನೆಗೆ ಅವಳೇ ತೀರ್ಪು ಕೊಟ್ಟಳು: ಅದರ ಊಟ ಅದು ಉಣ್ಣಲಿ, ಆದರೆ ಉಣಿಸುವಾಗ ದೇವರ ಕೋಣೆಯ ಬಾಗಿಲು ಮುಚ್ಚಿರಬೇಕು.

ಗೊಬ್ಬರದ ಗುಂಡಿಯ ಸಣ್ಣ ಕೆಂಪು ಹುಳುಗಳನ್ನು ಅದು ಬಾಯಿಗೆ ತೆಗೆದುಕೊಂಡು ಕಹಿ ಮಾತ್ರೆಯಂತೆ ಉಗುಳಿತು. ಮಾನ್ವಿಯಲ್ಲಿ ಕಾಲುವೆ ನೀರಿನ ಮೇಲೆ ಭತ್ತ ಬೆಳೆಯುವ, ಹೆಂಡತಿಯ ಸೋದರಮಾವ ಗದ್ದೆಯ ಬದುವಿನ ದಪ್ಪ ಹುಳುಗಳನ್ನು ಹಸಿ ಮಣ್ಣಿನ ಸಮೇತ ಎಣ್ಣೆ ಡಬ್ಬಿಯಲ್ಲಿ ತುಂಬಿ ಬಸ್ಸಿಗೆ ಹಾಕಿದರು. ಅವು ಒಪ್ಪಿಗೆಯಾದವು. ಹೆಂಡತಿ ಹುಳುವನ್ನು ತೊಳೆದು ಚಿಮಟಿಗೆಯಲ್ಲಿ ಹಿಡಿದು ಮೂಗಿನ ಮುಂದೆ ಆಡಿಸಿದರೆ, ಅಲುಗಾಡದೆ ಬಿದ್ದಿದ್ದ ಪ್ರಾಣಿ ಗಪ್ಪನೆ ಎಳೆದುಕೊಳ್ಳುತ್ತಿತ್ತು. ಮಾನ್ವಿ ಬಸ್ಸಿನ ಕಂಡಕ್ಟರ್ ಒಮ್ಮೆ ಡಬ್ಬಿ ನನ್ನ ಕೈಗೆ ಕೊಡುತ್ತಾ, “ತುಪ್ಪ ಏನ್ರಿ?” ಎಂದು ಕೇಳಿದ. “ಅಳಿಯಗ ಕಳಿಸ್ಯಾರ,” ಎಂದೆ. ಸುಳ್ಳೇನಲ್ಲ.

ಇನ್ನು ಹರವಿಯ ವಿಷಯ. ಬೇಸಿಗೆ ಬಂದರೆ ಅವ್ವ ಗೇಟಿನ ಹೊರಗಿನ ಬೇವಿನ ಕೆಳಗೆ ಅರವಟ್ಟಿಗೆ ಇಡುತ್ತಿದ್ದಳು. ದೊಡ್ಡ ಬಾಯಿಯ ಮಣ್ಣಿನ ಹರವಿ, ಸುತ್ತ ಒದ್ದೆ ಗೋಣಿ, ಮೇಲೊಂದು ತಟ್ಟೆ, ನೀರಿನಲ್ಲಿ ಲಾವಂಚದ ಬೇರಿನ ಕಟ್ಟು, ಸರಪಳಿ ಕಟ್ಟಿದ ಸ್ಟೀಲಿನ ಗ್ಲಾಸು. ದಾರಿಹೋಕರು ಕುಡಿದು ಹೋಗುತ್ತಿದ್ದರು. ಸೊಸೆಯೂ ಇದಕ್ಕೆ ಕೈ ಹಚ್ಚಲಿ ಎಂಬುದು ಅವ್ವನ ಬಹುಕಾಲದ ಆಸೆ. ಶಾಲೆ, ಪರೀಕ್ಷೆ, ಪೇಪರ್ ತಿದ್ದುವುದು ಎಂದು ಸೊಸೆಗೆ ಪುರುಸೊತ್ತಾಗಿದ್ದಿಲ್ಲ. ಅವ್ವ ಎಂದೂ ದೂರಿದವಳಲ್ಲ. ಆದರೆ ಹರವಿ ತುಂಬುವಾಗ “ನನಗ ಯಾರದಾರ” ಎಂದು ಹರವಿಯ ಹತ್ತಿರ ಮಾತಾಡುತ್ತಿದ್ದಳು. ಹರವಿಗೆ ಕಿವಿ ಮಂದವೇನೋ ಎಂಬಂತೆ ಸ್ವಲ್ಪ ಜೋರಾಗಿಯೇ. ಆ ವರ್ಷ ಕುಂಬಾರರಿಂದ ಎರಡು ಹೊಸ ಹರವಿ ತಂದಿದ್ದೆವು. ಒಂದು ಅವ್ವನಿಗೆ, ಅವಳು ಅದನ್ನು ಇನ್ನೂ ಹೊರಗೆ ಇಟ್ಟಿರಲಿಲ್ಲ. ಇನ್ನೊಂದು, ಕರೆಂಟು ಕೈಕೊಟ್ಟರೆ ಇರಲಿ ಎಂದು, ಅಳಿಯನಿಗೆ.

ಆ ಸೋಮವಾರ ಬೆಳಿಗ್ಗೆ ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಫ್ಯಾನು ನಿಂತಿತು, ಬಾಟಲಿಗಳು ಕರಗಿದವು. ತೊಟ್ಟಿಯ ಥರ್ಮಾಮೀಟರು ಏರುತ್ತಲೇ ಹೋಯಿತು. ಪ್ರಾಣಿಯ ಕಿವಿರುಗಳು ಮುಂದಕ್ಕೆ ಮುದುಡಿದವು, ಮತ್ತೆ ಮತ್ತೆ ಮೇಲೆ ಬಂದು ಗಾಳಿ ಗುಟುಕರಿಸತೊಡಗಿತು. ಬಾಯಿ ಮಾತ್ರ ನಗುತ್ತಲೇ ಇತ್ತು. ನನ್ನ ಹೆಂಡತಿಗೆ ಅದನ್ನು ನೋಡಲಾಗಲಿಲ್ಲ. ಅಳಿಯನ ಹರವಿಯನ್ನು ಹಿತ್ತಲಿನ ನೆರಳಿನಲ್ಲಿಟ್ಟು, ಬಕೆಟಿನಲ್ಲಿ ತೆರೆದಿಟ್ಟ ನೀರು ತುಂಬಿ, ಪ್ರಾಣಿಯನ್ನು ಬಿಟ್ಟು, ಒದ್ದೆ ಗೋಣಿ ಸುತ್ತಿ, ತಟ್ಟೆ ಮುಚ್ಚಿದಳು. ನಾವಿಬ್ಬರೂ ಮಂಜುಗಡ್ಡೆ ತರಲು ಹೊರಟೆವು. ಒಬ್ಬನೇ ಹೋದರೆ ನಾನು ಅರ್ಧ ಕರಗಿದ್ದನ್ನು ತರುತ್ತೇನೆ ಎಂಬುದು ಅವಳ ಅನುಮಾನ.

ಮುಂದಿನದನ್ನು ನಾನು ಕಂಡಿಲ್ಲ. ಅವ್ವನೂ ನಮ್ಮ ಓಣಿಗೆ ಬರುವ ಕಲ್ಲಂಗಡಿ ಬಂಡಿಯವನೂ ಬೇರೆ ಬೇರೆಯಾಗಿ ಹೇಳಿದರು, ಇಬ್ಬರ ಮಾತೂ ಹೊಂದುತ್ತವೆ. ಅವ್ವ ಹಿತ್ತಲಿಗೆ ಹೋದಳು. ನೀರು ತುಂಬಿದ, ಗೋಣಿ ಸುತ್ತಿದ, ತಟ್ಟೆ ಮುಚ್ಚಿದ ಹೊಸ ಹರವಿ ಕಂಡಳು. ಸೊಸೆ ಕೊನೆಗೂ ಅರವಟ್ಟಿಗೆ ಸಿದ್ಧಮಾಡಿ, ಹೇಳಿಕೊಳ್ಳದೆ ಹೋಗಿದ್ದಾಳೆ ಎಂದುಕೊಂಡಳು. ಮಂದಗಣ್ಣಿನ ಅವ್ವ ತಟ್ಟೆಯನ್ನು ಒಂದಿಷ್ಟು ಸರಿಸಿ ಲಾವಂಚದ ಕಟ್ಟು ಇಳಿಬಿಟ್ಟಳು. ಬಂಡಿಯವನನ್ನೂ ಗೇಟಿನ ಮುಂದೆ ನಿಂತಿದ್ದ ಆಟೋದವನನ್ನೂ ಕರೆದು ಹರವಿಯನ್ನು ಬೇವಿನ ಕೆಳಗೆ ಹೊರಿಸಿದಳು. ಹೊತ್ತವರಿಗೇ ಮೊದಲ ನೀರು ಕೊಡುವುದು ಅವಳ ಪದ್ಧತಿ. ಇಬ್ಬರೂ ಕುಡಿದರು, ತಣ್ಣಗಿದೆ ಎಂದರು.

ನಾವು ಬಂದು ನಿಂತಾಗ ದೇವದುರ್ಗದ ಬಸ್ಸಿನಿಂದ ಇಳಿದು ಬಂದ ಭಾವ ಹರವಿಯ ಪಕ್ಕದಲ್ಲಿ ಒಂದು ಗ್ಲಾಸು ಮುಗಿಸಿ ಮೀಸೆ ಒರೆಸಿಕೊಳ್ಳುತ್ತಿದ್ದರು. ಅವ್ವ ಹೇಳುತ್ತಿದ್ದಳು:

“ಈ ಸಲ ಎಲ್ಲಾ ನಿಮ್ಮ ತಂಗಿನ ಮಾಡ್ಯಾಳ್ರಿ ಬೀಗ್ರ. ನಾ ಒಂದು ಮಾತು ಹೇಳಿಲ್ಲ. ಮನಸ್ಸಿಗೆ ಭಾಳ ಸಮಾಧಾನ ಆತು. ಇನ್ನೊಂದು ಗ್ಲಾಸ್ ಕುಡೀರಿ.”

ನನ್ನ ಭುಜದ ಮೇಲಿದ್ದ ಹೆಂಡತಿಯ ಕೈ ಬಿಗಿಯಿತು. ಬೇಡ ಎಂದು ನಾನು ಕೂಗುವಷ್ಟರಲ್ಲಿ ಭಾವ ಗ್ಲಾಸು ಅದ್ದಿದರು, ಎತ್ತಿದರು, ಅರ್ಧ ಕುಡಿದರು. ಆಗ ಹರವಿಯೊಳಗೆ ಗುಳುಕ್ ಎಂದಿತು. ಭಾವ ಬಗ್ಗಿ ನೋಡಿದರು. ಗಾಳಿಗೆಂದು ಮೇಲೆ ಬಂದ ಅದು, ತಲೆಯ ಮೇಲೆ ಲಾವಂಚದ ಒಂದೆರಡು ಎಳೆ ಹೊತ್ತುಕೊಂಡು, ಅವರ ಮುಖದ ನೇರಕ್ಕೆ ನಿಂತಿತ್ತು.

ಭಾವ ಕಿರುಚಲಿಲ್ಲ. ತಲೆ ಎತ್ತದೆ, ಮೆಲ್ಲಗೆ, “ತಂಗೀ, ನೀರಾಗ ಯಾರೋ ನಗಾಕತ್ತಾರ,” ಎಂದರು. ಕೈಯಿಂದ ಜಾರಿದ ಗ್ಲಾಸು ಸರಪಳಿಯಲ್ಲಿ ತೂಗಾಡಿತು. ಹೆಂಡತಿ ಸ್ಕೂಟರಿನಿಂದ ಹಾರಿ ಇಳಿದ ರಭಸಕ್ಕೆ ಮಂಜುಗಡ್ಡೆ ರಸ್ತೆಗೆ ಬಿತ್ತು.

ಹೆಂಡತಿ ಓಡಿದ್ದು ಅಣ್ಣನ ಹತ್ತಿರವಲ್ಲ. ಬ್ಯಾಗಿನಿಂದ ಥರ್ಮಾಮೀಟರು ತೆಗೆದು ಹರವಿಗೆ ಇಳಿಬಿಟ್ಟಳು. ಕಾದು, ಎತ್ತಿ, ಕಣ್ಣಿನ ಹತ್ತಿರ ಹಿಡಿದು ಓದಿದಳು. ಹಿತ್ತಲಿನಲ್ಲಿದ್ದುದಕ್ಕಿಂತ ನೀರು ಇಲ್ಲಿ ತಂಪಾಗಿತ್ತು. ಹಿತ್ತಲಿನಲ್ಲಿ ಗಾಳಿ ಆಡುವುದಿಲ್ಲ. ಇಲ್ಲಿ ರಸ್ತೆಯ ಒಣ ಗಾಳಿ ಗೋಣಿಗೆ ಬಡಿದು ಹರವಿಯನ್ನು ತಣಿಸುತ್ತಿತ್ತು. ಇದನ್ನೂ ಅವಳೇ ಶಾಲೆಯಲ್ಲಿ ಕಲಿಸಿದವಳು. ಪ್ರಾಣಿಯ ಕಿವಿರುಗಳು ಮತ್ತೆ ಹಿಂದಕ್ಕೆ ಅರಳಿದ್ದವು.

“ಇದು ಇಲ್ಲೇ ಇರಬೇಕು,” ಎಂದಳು. “ಒಳಗ ಒಯ್ದ್ರ ಉಳಿಯಂಗಿಲ್ಲ.”

ಅವ್ವ ಹರವಿಯೊಳಗೆ ಬಗ್ಗಿ ನೋಡಿ, ನಿಧಾನಕ್ಕೆ ನೆಟ್ಟಗಾದಳು. “ಹಂಗಾದ್ರ ಇದು ನನಗಂತ ತುಂಬಿದ್ದಲ್ಲ,” ಎಂದಳು.

ನಾನು ಬೇವಿನ ಮರವನ್ನು ನೋಡಿದೆ. ಹೆಂಡತಿ ಥರ್ಮಾಮೀಟರನ್ನು ಸೆರಗಿನಲ್ಲಿ ಒರೆಸುತ್ತಾ ನಿಂತಳು, ಅದು ಒಣಗಿದ ಮೇಲೂ ಒರೆಸುತ್ತಿದ್ದಳು. ಆಮೇಲೆ ಅಂದಳು: “ಅತ್ತಿ, ಇನ್ನೊಂದು ಹರವಿ ಅದ. ಅದಕ್ಕ ನಾನ ನೀರು ತುಂಬ್ತೀನಿ. ಬರ್ರಿ, ಬೇರು ನೀವ ಹಾಕ್ರಿ.”

ಅವ್ವ “ಅದರಾಗ ಏನೂ ಬಿಡಬ್ಯಾಡ ಮತ್ತ,” ಎಂದು ಒಳಗೆ ನಡೆದಳು.

ಭಾವ ಹಿಂದಿನಿಂದ ಕೇಳಿದರು: “ಯವ್ವಾ, ಅದು ಹುಳಾ ತಿಂತದ. ನಾ ಲಿಂಗ ಕಟ್ಟಿದಾಂವ.”

“ಹುಳಾ ತಿಂದದ್ದು ಅದು. ನೀವು ಕುಡಿದದ್ದು ನೀರು,” ಎಂದಳು ಅವ್ವ ತಿರುಗದೆ. “ಮಕಾ ತೊಳಕೊಂಡು ವಿಭೂತಿ ಹಚ್ಕೋರಿ.”

ನೀರಿಗೆ ಹೆಂಡತಿ ಯಾವ ಔಷಧವನ್ನೂ ಹಾಕಿರಲಿಲ್ಲ. ಕುಡಿದ ಮೂವರಿಗೂ ಹೊಟ್ಟೆ ನೆಟ್ಟಗಿತ್ತು. ಭಾವನಂತೂ ಮಧ್ಯಾಹ್ನ ರೊಟ್ಟಿ ಕೇಳಿ ಕೇಳಿ ಹಾಕಿಸಿಕೊಂಡರು.

ಉಂಡ ಮೇಲೆ ಅವರು ಯಾರೂ ಹೇಳದೆ ಕುರ್ಚಿ ಎತ್ತಿಕೊಂಡು ಹೋಗಿ ಬೇವಿನ ಕೆಳಗೆ ಕೂತರು. ಅಲ್ಲೀಗ ಎರಡು ಹರವಿ ಅಕ್ಕಪಕ್ಕ ಇದ್ದವು. ಒಂದಕ್ಕೆ ಅತ್ತೆ ಸೊಸೆ ಸೇರಿ ನೀರು ತುಂಬಿದ್ದರು. ಇನ್ನೊಂದರ ಗೋಣಿ ಒಣಗದಂತೆ ಭಾವ ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದರು. ಒಡೆದು ಉಳಿದ ಮಂಜುಗಡ್ಡೆಯ ಚೂರುಗಳನ್ನು ಬಾಟಲಿಯಲ್ಲಿ ತುಂಬಿ ಅವರೇ ಒಳಗಿಳಿಸಿದರು. ಬಾಯಾರಿ ಬಂದವರು ಆ ಹರವಿಯ ತಟ್ಟೆಗೆ ಕೈ ಹಾಕಿದರೆ ತಡೆಯುತ್ತಿದ್ದರು. “ಅದು ಬ್ಯಾಡ್ರಿ, ಆ ಕಡೀದು ಕುಡೀರಿ. ಇದರಾಗ ನಮ್ಮ ತಂಗಿ ಮನಿಯವರು ಅದಾರ,” ಎಂದು ಅವರು ಹೇಳಿದ್ದನ್ನು ಕಿಟಕಿಯಿಂದ ನಾನೇ ಕೇಳಿದ್ದೇನೆ. ಇದನ್ನೂ ಅವರು ಈಗ ಒಪ್ಪುವುದಿಲ್ಲ.

ಹೊತ್ತು ಮುಳುಗುವಾಗ ಕರೆಂಟು ಬಂತು. ಶ್ರಾವಣದ ಹೊತ್ತಿಗೆ ಎಳ್ಳಿನಷ್ಟಿದ್ದ ಮೊಳಕೆ ಕಾಲಾಗಿತ್ತು, ತುದಿಯಲ್ಲಿ ನಾಲ್ಕು ಎಳೆ ಬೆರಳು. ಹೆಂಡತಿ ಭೂತಗನ್ನಡಿಯನ್ನು ಅವ್ವನ ಕೈಗೆ ಕೊಟ್ಟು ತೋರಿಸಿದಳು. ಅವ್ವ ಬಹಳ ಹೊತ್ತು ನೋಡಿ, ಮಗು ಹುಟ್ಟಿದಾಗ ನೋಡುವಂತೆ ಬೆರಳುಗಳನ್ನು ಒಂದೊಂದಾಗಿ ಎಣಿಸಿದಳು. ದೇವರ ಕೋಣೆಯ ಬಾಗಿಲು ಅಂದು ತೆರೆದೇ ಇತ್ತು.

ಅವ್ವ ಈಗಿಲ್ಲ. ಅರವಟ್ಟಿಗೆಯ ಹರವಿಯನ್ನು ಬೇಸಿಗೆಗೊಮ್ಮೆ ನನ್ನ ಹೆಂಡತಿಯೇ ಇಡುತ್ತಾಳೆ. ತುಂಬುವ ಮೊದಲು ಒಳಗೆ ಕೈಯಾಡಿಸಿ ನೋಡುತ್ತಾಳೆ.

ಅಂದು ಕಂಡವರಲ್ಲಿ ಈಗ ಇರುವವರು ಇವರು. ನಾನು. ನನ್ನ ಹೆಂಡತಿ. ಕಲ್ಲಂಗಡಿ ಬಂಡಿಯವನು, ಈಗಲೂ ನಮ್ಮ ಓಣಿಗೆ ಬರುತ್ತಾನೆ, ನೀರು ಮಾತ್ರ ತನ್ನದೇ ಬಾಟಲಿಯದು. ಆಟೋದವನು, ಈಗ ಗಿಲ್ಲೆಸುಗೂರಿನ ಕಡೆ ಗಾಡಿ ಹೊಡೆಯುತ್ತಾನೆ. ದೇವದುರ್ಗದ ಭಾವ, ಕೈ ತೊಳೆದುಕೊಂಡೆ ಎನ್ನುವವರು. ಮತ್ತೆ ನಡುಮನೆಯ ತೊಟ್ಟಿಯಲ್ಲಿರುವ ಅದು. ಅಂದು ಭಾವನ ಗಂಟಲನ್ನು ನನಗಿಂತ ಹತ್ತಿರದಿಂದ ಕಂಡದ್ದು ಅದೇ, ಮತ್ತು ಅದಕ್ಕೆ ರೆಪ್ಪೆಯಿಲ್ಲ.