ಖಾಲಿ ಚೀಲ ಮರಳಿ ತಂದವರು

ಅವಳ ಬಲಗೈ ಹೆಬ್ಬೆರಳಿನಲ್ಲಿ ಅರ್ಧ ಉಗುರು ಮಾತ್ರ ಉಳಿದಿತ್ತು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಕೂತು, ಕರಿ ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ಒತ್ತಿ ಒತ್ತಿ ತುಂಬಿ ಸವೆದ ಉಗುರು ಅದು. ಚಿತ್ತವಾಡ್ಗಿಯ ನಮ್ಮ ಓಣಿಯ ಕೊನೆಯ ಮನೆ ಅವಳದು. ಎಲ್ಲರಿಗೂ ಅವಳು ನರ್ಸರಿ ಅಜ್ಜಿ. ಬಾಯಿ ಜೋರು, ಯಾರ ಮುಲಾಜೂ ಇರಲಿಲ್ಲ. ಬಾಡಿದ ತುಳಸಿ ಕಂಡರೆ ಆ ಮನೆಯವರನ್ನು ಹೊರಗೆ ಕರೆದು ಬೈದೇ ಮುಂದೆ ಹೋಗುತ್ತಿದ್ದಳು.

ನಮ್ಮ ಶಾಲೆಯ ಶಿಕ್ಷಕರೆಲ್ಲ ಸೇರಿ ವರ್ಷಕ್ಕೊಮ್ಮೆ ಪರಿಸರದ ಕೆಲಸ ಮಾಡುವ ಸಂಸ್ಥೆಯೊಂದಕ್ಕೆ ದೇಣಿಗೆ ಕೊಡುತ್ತೇವೆ. ಆ ಸಂಸ್ಥೆಯನ್ನು ಆರಿಸುವ ಹೊಣೆ, ವಿಜ್ಞಾನ ಕಲಿಸುತ್ತೇನೆಂಬ ಒಂದೇ ಕಾರಣಕ್ಕೆ ನನ್ನ ಕೊರಳಿಗೆ ಬಿತ್ತು. ಇಂಥ ತಲೆನೋವು ಬೇರೊಂದಿಲ್ಲ. ಎಲ್ಲರೂ ಭೂಮಿ ಉಳಿಸುವವರೇ. ಎಲ್ಲರ ಪ್ರಚಾರ ಪುಸ್ತಕದಲ್ಲೂ ಅದೇ ಹಸಿರೆಲೆ, ಅದೇ ನಗುವ ಮಕ್ಕಳು. ಯಾರು ಕೆಲಸದವರು, ಯಾರು ಬರೀ ಮಾತಿನವರು ಎಂದು ಮನೆಯಲ್ಲಿ ಕೂತು ಹೇಗೆ ತಿಳಿಯಬೇಕು?

ಜೂನ್ ತಿಂಗಳ ಒಂದು ಭಾನುವಾರ ಅಂಥದೊಂದು ನುಣುಪು ಪುಸ್ತಕ ಹಿಡಿದು ಕಟ್ಟೆಯ ಮೇಲೆ ಕೂತಿದ್ದೆ. ಅಜ್ಜಿ ಬಂದು ಪಕ್ಕದಲ್ಲಿ ಕೂತಳು. ಅವಳಿಗೆ ಓದು ಬಾರದು, ಫೋಟೋಗಳನ್ನಷ್ಟೇ ನೋಡಿದಳು. ಸಂಡೂರಿನ ಗುಡ್ಡದಲ್ಲಿ ಗಣ್ಯರು ಸಸಿ ನೆಡುತ್ತಿದ್ದ ಫೋಟೋ ಬಂದಾಗ ಸಸಿಯ ಬುಡದ ಮೇಲೆ ಬೆರಳಿಟ್ಟಳು.

"ಇದೇನ್ರಿ ಟೀಚರಮ್ಮ, ಇವ್ರು ಚೀಲಾನ ಬಿಚ್ಚಿಲ್ಲಲ್ರಿ."

ನಿಜ. ಮಣ್ಣಿನಿಂದ ಕರಿ ಪ್ಲಾಸ್ಟಿಕ್ಕಿನ ಅಂಚು ಇಣುಕುತ್ತಿತ್ತು. ಅವಸರದಲ್ಲಿ ಒಂದಕ್ಕೆ ಹಾಗಾಗಿರಬಹುದು ಎಂದೆ.

"ಬೇರು ಎಲ್ಲಿಗೆ ಹೋಗಬೇಕ್ರಿ? ಇವ್ರು ನಮ್ಮ ನರ್ಸರಿಗೂ ಬರ್ತಾರ. ಎತ್ತರದ ಸಸಿನೇ ಬೇಕಂತಾರ, ಫೋಟೋದಾಗ ಚಂದ ಕಾಣ್ತಾವಂತ. ದರೋಜಿ ಕಡೆ ನಾಕು ಮಂದಿ ಅದಾರ ನೋಡ್ರಿ. ಕರಡಿಗೆ ತಿನ್ನಾಕ ಆಗ್ಲಿ ಅಂತ ಬಾರಿ, ಕವಳಿ ಹಣ್ಣಿನ ಗಿಡ ಹಚ್ತಾರ. ಗಿಡ್ಡ ಸಸಿ ಆರಿಸಿ ಒಯ್ತಾರ, ಬೇರು ಜಲ್ದಿ ಹಿಡಿತಾವಂತ. ಹಚ್ಚಿದ ಮ್ಯಾಲೆ ಹರಿದ ಚೀಲ ಸೈತ ಒಂದೂ ಬಿಡದಂಗ ವಾಪಸ್ ತಂದು ಕೊಡ್ತಾರ. ಅವ್ರಿಗೆ ಕೊಡ್ರಿ."

ದರೋಜಿಯವರಿಗೆ ಹೇಳಿ ಕಳಿಸಿದೆ. ಆ ನಾಲ್ವರಲ್ಲಿ ಒಬ್ಬ ಶಾಲೆಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಎಷ್ಟು ಹೇಳಿದರೂ ಕುರ್ಚಿಯಲ್ಲಿ ಕೂರದೆ ನಿಂತೇ ಮಾತಾಡಿದ. ನೋಂದಣಿ ಪತ್ರ ಇದೆಯೇ, ಆಡಿಟ್ ವರದಿ ಇದೆಯೇ, ಫೋಟೋ ಇದೆಯೇ ಎಂದು ಕೇಳಿದೆ. "ಮಾಡಿಸ್ತೀವ್ರಿ ಮೇಡಂ" ಎಂದು ಹೋದ. ನಾನೇನೋ ಭಾರಿ ಜವಾಬ್ದಾರಿಯಿಂದ ನಡೆದುಕೊಂಡೆ ಎಂದುಕೊಂಡೆ. ದೇಣಿಗೆ ನುಣುಪು ಪುಸ್ತಕದವರಿಗೆ ಹೋಯಿತು. ರಸೀದಿ ಬಂತು, ಫೋಟೋ ಬಂತು, ಸಹೋದ್ಯೋಗಿಗಳಿಗೆ ಸಮಾಧಾನವಾಯಿತು.

ಅಜ್ಜಿ ವಾದ ಮಾಡಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ "ನಡ್ರಿ, ನಿಮ್ಮ ಗಿಡ ನೋಡಿ ಬರೂಣು" ಎಂದು ನನ್ನನ್ನು ಸಂಡೂರಿನ ಬಸ್ಸು ಹತ್ತಿಸಿದಳು. ಗುಡ್ಡದ ಮೇಲೆ ಸಾಲಾಗಿ ಒಣಕಡ್ಡಿಗಳು ನಿಂತಿದ್ದವು. ಅಜ್ಜಿ ಎರಡು ಬೆರಳಲ್ಲಿ ಒಂದನ್ನು ಎಳೆದಳು. ಚೀಲದ ಸಮೇತ ಮೇಲೆ ಬಂತು. ಬೇರು ಚೀಲದೊಳಗೇ ಸುತ್ತಿ ಸುತ್ತಿ ಸತ್ತಿತ್ತು. ಇನ್ನೊಂದು, ಮತ್ತೊಂದು, ಎಲ್ಲವೂ ಹಾಗೆಯೇ. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿಂದಲೇ ಸಂಸ್ಥೆಗೆ ಫೋನು ಮಾಡಿದೆ. "ಚಿಂತೆ ಮಾಡಬೇಡಿ ಮೇಡಂ, ಜೂನ್‌ನಲ್ಲಿ ಅದೇ ಗುಂಡಿಗಳಲ್ಲಿ ಮತ್ತೆ ನೆಡುತ್ತೇವೆ" ಎಂದಿತು ಹುಡುಗಿಯೊಬ್ಬಳ ಸವಿದನಿ. ಆ ಹುಡುಗಿಯ ಮೇಲೆ ರೇಗಿ ಏನು ಪ್ರಯೋಜನ?

ಮುಂದಿನ ಭಾನುವಾರವೇ ದರೋಜಿಗೆ ಹೋದೆ. ಶಾಲೆಗೆ ಬಂದಿದ್ದ ಆತ ಆಗಷ್ಟೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಶಿಫ್ಟು ಮುಗಿಸಿ ಬಂದಿದ್ದ.

"ಈಗ ಹಚ್ಚೋದು ಬಿಟ್ಟೀವ್ರಿ. ನೀವು ಕಾಗದ ಕೇಳಿದ್ರಲ್ರಿ, ಅದನ್ನ ಮಾಡಿಸಾಕ ವರ್ಷೆಲ್ಲಾ ಆಫೀಸಿಗೆ ಅಡ್ಡಾಡಿದ್ವಿ. ಬ್ಯಾಸಗಿ ಅದರಾಗ ಹೋತು. ನೀರು ಹಾಕೋರಿಲ್ದ ಗಿಡ ಒಣಗಿದ್ವು. ಆಮ್ಯಾಲೆ ಯಾರಿಗೂ ಮನಸಾಗ್ಲಿಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಊರಿಗೆ ಬಂದು ಅಜ್ಜಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ.

"ಮೂವತ್ತು ವರ್ಷದಿಂದ ಸಸಿ ಒಯ್ಯೋರನ್ನ ನೋಡೀನ್ರಿ. ನಾ ಹೇಳಿದ್ದು ಕಾಗದಕ್ಕಿಂತ ಕಡಿಮಿ ಆತೇನ್ರಿ?" ಎಂದಷ್ಟೇ ಕೇಳಿದಳು.

ಓದಿದವರು ಅಚ್ಚು ಹಾಕಿಸಿದ ಸುಳ್ಳನ್ನು ನಂಬಿದ್ದೆ. ಕಣ್ಣೆದುರಿನ ಸಾಕ್ಷಿಗೆ ಮೊಹರು ಇರಲಿಲ್ಲ, ಅದಕ್ಕೆ ನಂಬಿರಲಿಲ್ಲ. ಇದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಅದೇ ವರ್ಷ ದೀಪಾವಳಿಗೆ ಮೊದಲು, ನಾಲ್ಕು ದಿನದ ಜ್ವರದಲ್ಲಿ ಅಜ್ಜಿ ತೀರಿಕೊಂಡಳು.

ಈ ವರ್ಷವೂ ಆರಿಸುವ ಕೆಲಸ ನನಗೇ ಬಂತು. ಪುಸ್ತಕಗಳನ್ನು ಪಕ್ಕಕ್ಕೆ ತಳ್ಳಿ ದರೋಜಿಗೆ ಹೋದೆ. ಕಾಗದ ಏನೂ ಬೇಡ, ಮತ್ತೆ ಶುರು ಮಾಡಿ ಎಂದೆ. ಆತ "ನೋಡೂಣ್ರಿ" ಎಂದ. ಇನ್ನೊಮ್ಮೆ ಹೋದೆ, ಆಗಲೂ ಅದೇ ಮಾತು. ಮೂರನೆಯ ಸಲ ಹೋದಾಗ ಆತ ನನ್ನ ಮುಖವನ್ನೇ ನೋಡುತ್ತ ಕೇಳಿದ.

"ನರ್ಸರಿ ಅಜ್ಜಿ ಕಳಿಸ್ಯಾಳೇನ್ರಿ?"

ಅವಳು ಹೋದ ಸುದ್ದಿ ಅವನಿಗೆ ಮುಟ್ಟಿರಲಿಲ್ಲ. ಹೌದು ಎಂದೆ.