ಮುರು ಮೀನಿನ ಹೊಟ್ಟೆಯಲ್ಲಿ ಇದ್ದದ್ದು

ಚಿನ್ನೂ, ಬಾಬೂ, ಕಳೆದ ವಾರ ನೀವಿಬ್ಬರೂ ನನ್ನ ಫೋಟೋ ನೋಡಿ ನಕ್ಕಿರಿ. ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿ, ದೊಡ್ಡ ಮೀನೊಂದನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ನಿಂತವಳು ಅಜ್ಜಿಯೇ ಹೌದಾ ಎಂದು ಕೇಳಿದಿರಿ. ನಾನು ಹೌದು ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದೆ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ, ನಿಮಗೇ ಗೊತ್ತು. ಬರೆಯಲು ಸ್ವಲ್ಪ ಬರುತ್ತದೆ. ಊರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತದ್ದು ಇನ್ನೂ ಕೈಯಲ್ಲಿ ಉಳಿದಿದೆ. ಅಂದು ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ನಿಮಗೆ ಓದಲು ಸುಲಭವಾಗಲಿ ಎಂದು ಕನ್ನಡ ಮಾಡಿ ಬರೆದಿದ್ದೇನೆ.

ಕಾವೂರಿನಲ್ಲಿ ನಾನು ಮೀನು ಮಾರುವ ಜಾಗ ನೀವು ನೋಡಿದ್ದೀರಿ. ನನ್ನ ಎಡಕ್ಕೆ ಕೂರುವವಳು ತೊಕ್ಕೊಟ್ಟಿನ ಅಕ್ಕ. ಅವಳು ಒಮ್ಮೆ ಕೂಗಿದರೆ ರಸ್ತೆಯಲ್ಲಿ ಹೋಗುವ ಬಸ್ಸು ನಿಲ್ಲುತ್ತದೆ. ಬಲಕ್ಕೆ ಕೂರುವವಳು ಕೂಳೂರಿನಿಂದ ಬರುತ್ತಾಳೆ, ನಮ್ಮಲ್ಲಿ ಚಿಕ್ಕವಳು. ನಾನು ಕೂಗುವುದಿಲ್ಲ. ಮೀನು ಚೆನ್ನಾಗಿ ಕೊಯ್ದು ಕೊಡುತ್ತೇನೆಂದು ಜನ ನನ್ನಲ್ಲಿಗೆ ಬರುತ್ತಾರೆ.

ನಿಮ್ಮ ಅಜ್ಜ ಬದುಕಿದ್ದಷ್ಟು ಕಾಲ ಕಡಲಿಗೆ ಹೋದರು. ಅವರು ತಂದ ಮೀನನ್ನು ನಾನು ಮಾರಿದೆ, ಆದರೆ ಆ ಮೀನು ಬರುವ ಜಾಗವನ್ನು ಒಮ್ಮೆಯೂ ನೋಡಿರಲಿಲ್ಲ. ಹೆಂಗಸು ಕಾಲಿಟ್ಟ ದೋಣಿಗೆ ಮೀನು ಬರುವುದಿಲ್ಲ ಎಂದು ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಹಿಂದಿನಿಂದಲೂ ಹೇಳುತ್ತಾರೆ. ಅಜ್ಜ ಹೋದ ಮೇಲೆ ಅವರ ತಮ್ಮ, ನಿಮ್ಮ ಚಿಕ್ಕಜ್ಜ, ದೋಣಿ ನಡೆಸಿದ. ನಮ್ಮನ್ನೊಮ್ಮೆ ಕರೆದುಕೊಂಡು ಹೋಗು ಎಂದು ತೊಕ್ಕೊಟ್ಟಿನ ಅಕ್ಕ ಅವನನ್ನು ವರ್ಷಗಟ್ಟಲೆ ಪೀಡಿಸಿದಳು. ನಾನು ಪಕ್ಕದಲ್ಲಿ ನಿಂತು ತಲೆ ಆಡಿಸುತ್ತಿದ್ದೆ.

ಕೊನೆಗೆ ಅವನು ಒಪ್ಪಿದ. "ಒಂದೇ ದಿನ. ಬುಟ್ಟಿ ಖಾಲಿ ಬಂದ್ರೆ ಮತ್ತೆ ಜನ್ಮದಲ್ಲಿ ಕೇಳ್ಬಾರ್ದು. ನಿಮಗಾಗಿ ಅಲ್ಲ, ದಕ್ಕೆಯಲ್ಲಿ ನನ್ನ ಮರ್ಯಾದೆ ಉಂಟಲ್ಲ ಅದಕ್ಕೆ."

"ಬುಟ್ಟಿ ತುಂಬಿದ್ರೆ?" ಎಂದು ಅಕ್ಕ ಕೇಳಿದಳು.

"ತುಂಬಿದ್ರೆ ವರ್ಷಕ್ಕೊಮ್ಮೆ ನಾನೇ ಕರೀತೇನೆ."

ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ಒಂದು ಸಂಕ್ರಮಣದ ದಿನ ಅಕ್ಕ, ಕೂಳೂರಿನವಳು, ನಾನು ಹೊರಟೆವು. ಸಂಕ್ರಮಣಕ್ಕೆ ನಮ್ಮ ಕಡೆ ಹೆಚ್ಚಿನವರು ಮೀನು ತಿನ್ನುವುದಿಲ್ಲ, ನಮಗೂ ಅಂದು ವ್ಯಾಪಾರವಿಲ್ಲ. ಬೆಳಿಗ್ಗೆ ಆರಕ್ಕೆ ದಕ್ಕೆಯಲ್ಲಿ ಬಲೆ ನೇಯುತ್ತ ಕೂತಿದ್ದ ಮುದುಕರೊಬ್ಬರು ನಮ್ಮ ಮೂವರ ಜಾಕೆಟ್ ನೋಡಿದರು.

"ಎಂತ ಮಾರಾಯ, ಮದುವೆಗೆ ಹೋಗುವುದಾ?" ಎಂದು ಚಿಕ್ಕಜ್ಜನನ್ನು ಕೇಳಿದರು. "ಸಂಜೆ ಬರುವಾಗ ಬುಟ್ಟಿಯಲ್ಲಿ ಮಲ್ಲಿಗೆ ಹೂ ತಾ."

ಚಿಕ್ಕಜ್ಜನ ಮುಖ ಕೆಂಪಾಯಿತು. ಎಂಜಿನ್‌ನ ಹಗ್ಗ ಎಳೆದ.

ಅಳಿವೆ ಬಾಗಿಲಿನಲ್ಲಿ ಹೊಳೆಯ ನೀರಿಗೆ ಕಡಲು ಎದುರಾಗುವ ಕಡೆ ದೋಣಿ ಒಮ್ಮೆ ಎದ್ದು ಧೊಪ್ಪನೆ ಬಿತ್ತು. ಕೂಳೂರಿನವಳು ಅಲ್ಲಿಯೇ ವಾಂತಿ ಶುರು ಮಾಡಿದಳು. "ಇವಳು ಕೂಳೂರು ಸಂಕ ದಾಟುವಾಗಲೂ ಬಸ್ಸಿನ ಕಿಟಕಿಯಲ್ಲಿ ತಲೆ ಇಡುವವಳು, ಇವಳನ್ನು ಯಾಕೆ ತಂದದ್ದು?" ಎಂದು ಅಕ್ಕ ಬೈದಳು. ಬೈಯುತ್ತಲೇ ಸೆರಗಿನಲ್ಲಿ ಕಟ್ಟಿ ತಂದಿದ್ದ ಲಿಂಬೆಹಣ್ಣನ್ನು ಅವಳ ಮೂಗಿಗೆ ಹಿಡಿದಳು. ನಾನು ತಿರುಗಿ ದಡವನ್ನು ನೋಡಿದೆ. ನಾನು ದಿನವೂ ನಡೆಯುವ ದಕ್ಕೆ ಎಲ್ಲಿದೆಯೆಂದು ಹುಡುಕಬೇಕಾಯಿತು. ಅಜ್ಜ ಮನೆಗೆ ಬರುವಾಗ ಮೊದಲು ಕಾಣುತ್ತಿದ್ದದ್ದು ಇದು ಎಂದು ಗೊತ್ತಾಗಿ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತೆ.

ನೀರಿನಡಿಯಲ್ಲಿ ಬಂಡೆಗಳಿರುವ ಕಡೆ ಚಿಕ್ಕಜ್ಜ ಲಂಗರು ಬಿಟ್ಟ. ಬಂಡೆಯ ಸಂದಿನಲ್ಲಿ ಮುರು ಮೀನು ಇರುತ್ತದೆ. ಬಾಯಿ ದೊಡ್ಡದು, ಮೈಮೇಲೆ ಮಚ್ಚೆ, ಮಾಂಸ ಗಟ್ಟಿ. ನಮಗೆ ಬೇಕಾದದ್ದು ಅದು. ಪ್ರತಿಯೊಬ್ಬರಿಗೂ ಒಂದೊಂದು ಗಾಳದ ಹಗ್ಗ ಕೊಟ್ಟು, ಎರೆಗೆ ಸಿಗಡಿ ಸಿಕ್ಕಿಸಿಕೊಟ್ಟ.

ಮೂರು ಗಂಟೆ ಹೋಯಿತು. ಗಾಳ ಕೆಳಗೆ ಹೋಗುತ್ತದೆ, ಸಣ್ಣ ಮೀನುಗಳು ಕುಟುಕಿ ಕುಟುಕಿ ಸಿಗಡಿ ತಿನ್ನುತ್ತವೆ, ಬರಿಯ ಗಾಳ ಮೇಲೆ ಬರುತ್ತದೆ. ಬುಟ್ಟಿಯಲ್ಲಿದ್ದದ್ದು ಅಂಗೈಯಷ್ಟೇ ಇರುವ ಎರಡು ಮೀನು. ಬಿಸಿಲು ಏರಿತು. ಚಿಕ್ಕಜ್ಜ ಆಕಾಶ ನೋಡಿದ. "ಮಧ್ಯಾಹ್ನಕ್ಕೆ ಗಾಳಿ ಏಳ್ತದೆ. ಇನ್ನು ಒಂದು ಗಂಟೆ, ಮತ್ತೆ ಹೋಗುವ."

ತೊಕ್ಕೊಟ್ಟಿನ ಅಕ್ಕ ಬರಿಯ ಗಾಳಕ್ಕೆ ಮತ್ತೊಂದು ಸಿಗಡಿ ಸಿಕ್ಕಿಸಿದಳು. ನನ್ನ ಕಣ್ಣ ಮುಂದೆ ಆ ಮುದುಕರು ಬಂದರು. ನಾವು ಬರಿಗೈಯಲ್ಲಿ ಇಳಿದರೆ ಅವರ ಮಾತೇ ನಿಜವಾಗುತ್ತದೆ. ನಮ್ಮ ಮೂವರಿಗೆ ಮಾತ್ರವಲ್ಲ, ಮುಂದೆ ಕೇಳುವ ಯಾವ ಹೆಂಗಸಿಗೂ ನಮ್ಮ ಹೆಸರು ಹೇಳಿಯೇ ಬೇಡ ಎನ್ನುತ್ತಾರೆ.

ನನಗೆ ಒಂದು ವಿಷಯ ಗೊತ್ತಿತ್ತು. ಬೆಳಗ್ಗಿನಿಂದ ಅದು ಗಂಟಲವರೆಗೆ ಬಂದು ಇಳಿದು ಹೋಗುತ್ತಿತ್ತು. ಮೀನು ಕೊಯ್ಯುವಾಗ ಹೊಟ್ಟೆಯ ಚೀಲವನ್ನು ಎಸೆಯುವ ಮೊದಲು ಒಮ್ಮೆ ಸೀಳಿ ನೋಡುವುದು ನನ್ನ ಅಭ್ಯಾಸ. ಯಾಕೆಂದು ಕೇಳಬೇಡಿ. ಶಾಲೆ ಬಿಟ್ಟ ಮೇಲೆ ನನಗೆ ಓದಲು ಸಿಕ್ಕಿದ್ದು ಅದೊಂದೇ. ಮಳೆ ಬಿಟ್ಟ ಮೇಲಿನ ತಿಂಗಳುಗಳಲ್ಲಿ ಮುರು ಮೀನಿನ ಹೊಟ್ಟೆಯಲ್ಲಿ ನಾನು ಸಿಗಡಿ ಕಂಡದ್ದು ಅಪರೂಪ. ಇರುವುದು ಏಡಿ. ಸಣ್ಣ ಏಡಿ, ಅರ್ಧ ಕರಗಿದ ಚಿಪ್ಪು, ಕಾಲುಗಳು.

ಅಕ್ಕನ ಕಿವಿಯಲ್ಲಿ ಹೇಳಿದೆ. ಅವಳು ಕಡಲಿಗೆಲ್ಲ ಕೇಳುವಂತೆ ಕೂಗಿದಳು: "ಇವಳು ಹೇಳ್ತಾಳೆ, ಸಿಗಡಿ ಅಲ್ಲ, ಏಡಿ ಹಾಕ್ಬೇಕಂತೆ!"

ಚಿಕ್ಕಜ್ಜ ನಕ್ಕ. "ಅತ್ತಿಗೆ, ನಾನು ಹುಟ್ಟಿದ್ದೇ ದೋಣಿಯಲ್ಲಿ. ಗಾಳಕ್ಕೆ ಸಿಗಡಿಯೇ. ನನ್ನ ಅಪ್ಪ ಹಾಕಿದ್ದೂ ಅದೇ, ಅಣ್ಣ ಹಾಕಿದ್ದೂ ಅದೇ."

ಆಗ ನನ್ನ ಬಾಯಿಂದ ಮಾತು ಬಂತು. ನನ್ನದೇ ಸ್ವರ ಅಷ್ಟು ಗಟ್ಟಿಯಾಗಿ ಕೇಳಿ ನಾನೇ ಬೆಚ್ಚಿಬಿದ್ದೆ. "ನೀವು ಮೀನಿನ ಬಾಯಿ ನೋಡಿದವರು. ಹೊಟ್ಟೆ ನೋಡಿದವಳು ನಾನು. ಇಷ್ಟು ವರ್ಷ ಕೊಯ್ದಿದ್ದೇನೆ. ಈ ತಿಂಗಳಲ್ಲಿ ಅದು ಏಡಿ ತಿನ್ನುವುದು."

ಅವನು ನನ್ನ ಮುಖ ನೋಡಿದ. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ನಾನು ಅವನಿಗೆ ಎದುರು ಮಾತಾಡಿದ್ದಿಲ್ಲ.

"ಏಡಿ ಎಲ್ಲಿಂದ ತರುವುದು ಈಗ?" ಎಂದ.

ದೋಣಿಯ ಮುಂಭಾಗದಲ್ಲಿ ಹಿಂದಿನ ದಿನದ ಬಲೆ ರಾಶಿ ಬಿದ್ದಿತ್ತು. ಬಲೆಗೆ ಸಣ್ಣ ಏಡಿ ಸಿಕ್ಕಿಕೊಳ್ಳುತ್ತದೆ, ಬಿಡಿಸಲು ಬೇಸರವಾಗಿ ಗಂಡಸರು ಹಾಗೇ ಬಿಡುತ್ತಾರೆ. ಅದನ್ನು ಬಿಡಿಸುವ ಬೆರಳು ನಮ್ಮದು. ಮಲಗಿದ್ದ ಕೂಳೂರಿನವಳೂ ಎದ್ದು ಕೂತಳು. ಹತ್ತು ನಿಮಿಷದಲ್ಲಿ ಒಂದು ಪಾತ್ರೆ ತುಂಬ ಏಡಿ ಆಯಿತು. ಕಚ್ಚುವ ಕೊಂಬು ಮುರಿದು ಒಂದನ್ನು ಗಾಳಕ್ಕೆ ಸಿಕ್ಕಿಸಿ ಬಿಟ್ಟೆ.

ಹಗ್ಗ ತಳ ಮುಟ್ಟಿತು. ಕುಟುಕಲಿಲ್ಲ. ಒಂದೇ ಸಲ ಜಗ್ಗಿತು.

"ಎಳೀರಿ ಅತ್ತಿಗೆ! ಬಿಡ್ಬೇಡಿ! ಬಂಡೆಯ ಸಂದಿಗೆ ಹೊಕ್ಕಿದ್ರೆ ಮುಗೀತು!" ಎಂದು ಚಿಕ್ಕಜ್ಜ ಕೂಗಿದ. ಹಗ್ಗ ಬೆರಳಿನ ಸಂದಿಯಲ್ಲಿ ಉರಿಯುತ್ತ ಓಡಿತು. ಅಕ್ಕ ಹಿಂದಿನಿಂದ ನನ್ನ ಸೊಂಟ ಹಿಡಿದು ಕೂತುಬಿಟ್ಟಳು. ಅವಳ ಭಾರಕ್ಕೆ ದೋಣಿಯೇ ವಾಲಿತು. ಸಹಾಯಕ್ಕೆ ಕೈ ಚಾಚಿದ ಚಿಕ್ಕಜ್ಜನಿಗೆ ಅವಳು, "ಮುಟ್ಬೇಡ ಮಾರಾಯ, ನೀನು ಮುಟ್ಟಿದ್ರೆ ನೀನೇ ಹಿಡಿದದ್ದು ಅಂತ ಹೇಳ್ತಾರೆ!" ಎಂದಳು. ಅವನು ಕೈ ಹಿಂದಕ್ಕೆ ತೆಗೆದ. ಒಂದು ಮೊಳ, ಇನ್ನೊಂದು ಮೊಳ, ಹಸಿರು ನೀರಿನಲ್ಲಿ ಕಂದು ನೆರಳು, ಮತ್ತೆ ಆ ದೊಡ್ಡ ಬಾಯಿ.

ಮುರು ಮೀನು ದೋಣಿಯೊಳಗೆ ಬಿತ್ತು. ಎಲ್ಲರೂ ಉಸಿರು ಬಿಡುವ ಮೊದಲೇ ಅಕ್ಕ ಅಭ್ಯಾಸಬಲದಿಂದ ಅದರ ಕಿವಿರು ಎತ್ತಿ ನೋಡಿ, "ತಾಜಾ ಉಂಟು!" ಎಂದು ಘೋಷಿಸಿದಳು. ಜೀವವಿದ್ದ ಮೀನು ಬಾಲದಿಂದ ಅವಳ ಕೆನ್ನೆಗೆ ಒಂದು ಬಾರಿಸಿತು. ಚಿಕ್ಕಜ್ಜ ಎಂಜಿನ್ ಮೇಲೆ ಬಿದ್ದು ಬಿದ್ದು ನಕ್ಕ.

ಎರಡನೆಯದನ್ನು ಹಿಡಿದವಳು ಕೂಳೂರಿನವಳು, ಅದೂ ಮಲಗಿಕೊಂಡೇ. ಗಾಳಿ ಏಳುವ ಹೊತ್ತಿಗೆ ಏಳು ಮೀನು ಸಿಕ್ಕಿತ್ತು. ಬುಟ್ಟಿಯಲ್ಲಿ ಹಿಡಿಸದೆ ಎರಡನ್ನು ಗೋಣಿಯಲ್ಲಿ ಸುತ್ತಿದೆವು. ಕೊನೆಯ ಗಾಳಕ್ಕೆ ಚಿಕ್ಕಜ್ಜನೂ ಯಾರೂ ಹೇಳದೆ ಏಡಿಯನ್ನೇ ಸಿಕ್ಕಿಸಿದ್ದ.

ದಕ್ಕೆಯಲ್ಲಿ ಮುದುಕರು ಅಲ್ಲಿಯೇ ಇದ್ದರು. ಬುಟ್ಟಿ ನೋಡಿ ಬಲೆ ಕೆಳಗಿಟ್ಟು ಎದ್ದು ಬಂದರು. "ಯಾರು ಹಿಡಿದದ್ದು?"

ತಾನೇ ಹಿಡಿದೆ ಎಂದಿದ್ದರೆ ಚಿಕ್ಕಜ್ಜನ ಮರ್ಯಾದೆ ಉಳಿಯುತ್ತಿತ್ತು. ಆದರೆ ಅವನು, "ನಾನು ಎಂಜಿನ್ ಮಾತ್ರ ನೋಡಿದ್ದು, ಅಜ್ಜ. ಹಿಡಿದದ್ದು ಇವರು" ಎಂದ.

"ಎರೆ ಎಂತ ಹಾಕಿದ್ದು?"

ಚಿಕ್ಕಜ್ಜ ನನ್ನ ಕಡೆ ತಿರುಗಿದ. ಸುತ್ತ ಹತ್ತು ಹದಿನೈದು ಗಂಡಸರು. ತೊಕ್ಕೊಟ್ಟಿನ ಅಕ್ಕ ಬಾಯಿ ತೆರೆದವಳು ನನ್ನನ್ನು ನೋಡಿ ಮುಚ್ಚಿಕೊಂಡಳು. ನಾನೇ ಹೇಳಿದೆ. "ಏಡಿ." ಮತ್ತೆ ಸೇರಿಸಿದೆ, "ಮಲ್ಲಿಗೆ ಸಿಗಲಿಲ್ಲ ಅಜ್ಜ."

ಇಡೀ ದಕ್ಕೆ ನಕ್ಕಿತು. ಮುದುಕರೂ ನಕ್ಕರು. ಆ ಫೋಟೋ ತೆಗೆದದ್ದು ಆಗ.

ಸಂಕ್ರಮಣವಾದ್ದರಿಂದ ಅಂದು ಮೀನು ಐಸಿನಲ್ಲಿಟ್ಟು, ಮರುದಿನ ಹುಳಿಖಾರದ ಪುಳಿಮುಂಚಿ ಮಾಡಿ ಮೂರು ಮನೆಗೂ ಹಂಚಿದೆವು. ತಿಂಗಳ ನಂತರ ಚಿಕ್ಕಜ್ಜ ಫೋನ್ ಮಾಡಿದ. ಹವಾಮಾನ, ಆರೋಗ್ಯ, ಎಲ್ಲ ಸುತ್ತಿ ಬಳಸಿ ಕೊನೆಗೆ ಕೇಳಿದ: "ಅತ್ತಿಗೆ, ಈಗ ಕೆಂಬೇರಿ ಮೀನಿನ ಹೊಟ್ಟೆಯಲ್ಲಿ ಎಂತ ಇರ್ತದೆ?"

"ಹೇಳ್ತೇನೆ," ಎಂದೆ. "ದೋಣಿಯಲ್ಲಿ ಕೂತ ಮೇಲೆ."

ಅಲ್ಲಿಂದ ವರ್ಷಕ್ಕೊಮ್ಮೆ ಅಲ್ಲ, ವರ್ಷಕ್ಕೆ ಮೂರು ಸಲ ಹೋಗಿದ್ದೇವೆ. ಈಗ ಮೀನು ಮಾರುವ ನಮ್ಮ ಸಾಲಿನಿಂದ ಇನ್ನೂ ಇಬ್ಬರು ಬರುತ್ತಾರೆ.

ಈ ಹಾಳೆಯ ಹಿಂಬದಿಯಲ್ಲಿ ಯಾವ ತಿಂಗಳಲ್ಲಿ ಯಾವ ಮೀನಿನ ಹೊಟ್ಟೆಯಲ್ಲಿ ಏನು ಕಂಡೆನೆಂದು ಬರೆದಿದ್ದೇನೆ. ನಮ್ಮ ಮನೆಯ ಗೋಡೆಗೆ ಉಪ್ಪುಗಾಳಿ ಹೊಡೆಯುತ್ತದೆ, ಕಾಗದ ಬೇಗ ಹಾಳಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಕ್ಕಿಯ ಡಬ್ಬಿಯಲ್ಲಿಡಿ. ಚಿಕ್ಕಜ್ಜ ಕೇಳಿದರೆ ಕೈಗೆ ಕೊಡಬೇಡಿ. ನೀವಿಬ್ಬರೂ ದೋಣಿ ಹತ್ತಿ, ಲಂಗರು ಬಿಟ್ಟ ಮೇಲೆ ಓದಿ ಹೇಳಿ.